ನಿಮಗಿದು ಗೊತ್ತೇ? ಸಗರನಾಡಿಗೆ ಬರಲಿ ಪರದೇಶದ ಸವಾರಿ!

ಹೊರದೇಶದ ಗೆಳೆಯರು ಬೆಂಗಳೂರಿಗೋ ಹೈದರಾಬಾದಿಗೋ ಸಮ್ಮೇಳನಕ್ಕೆ ಬರುತ್ತಿದ್ದಾರೆಯೇ? ಎರಡು ದಿನ ಹೆಚ್ಚಿಗೆ ಇರಿಸಿಕೊಳ್ಳಿ. ನಮ್ಮ ಸಗರನಾಡಿನ ಯಾದಗಿರಿ, ಶಹಾಪುರ, ಸುರಪುರ ತೋರಿಸಿ. ಕರೆತರುವ ಮುಂಚೆ ಇಷ್ಟು ಕೇಳಿ, ಆಮೇಲೆ ನೀವೇ ಅವರಿಗೆ ಹೇಳಿ ಬೆರಗುಗೊಳಿಸಿ!

ಸಮ್ಮೇಳನಕ್ಕೆ ಬರುವವರಿಗೆಂದೇ ಬೇರೆ ವೀಸಾ ಇದೆ, ಗೊತ್ತೇ? ಹೆಸರು ಇ-ಕಾನ್ಫರೆನ್ಸ್ ವೀಸಾ. ಸಂಘಟಕರ ಆಹ್ವಾನ ಪತ್ರ ಬೇಕೇ ಬೇಕು. ಅವಧಿ 30 ದಿನ, ಪ್ರವೇಶ ಒಂದೇ ಸಲ. ನಡುವೆ ಶ್ರೀಲಂಕಾ ನೋಡಿ ಬರ್ತೀನಿ ಎಂದು ಹೊರಟರೆ, ಅದೇ ವೀಸಾದ ಮೇಲೆ ಮತ್ತೆ ಒಳಗೆ ಬರುವಂತಿಲ್ಲ!

ವಿದೇಶಿ ಅತಿಥಿ ನಿಮ್ಮ ಮನೆಯಲ್ಲೇ ಉಳಿದರೂ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು! ಜನ ಇದನ್ನು ‘ಸಿ ಫಾರ್ಮ್’ ಎನ್ನುತ್ತಾರೆ. ಆನ್‌ಲೈನ್‌ನಲ್ಲೇ ತುಂಬಬಹುದು. ಇದು ಲಾಡ್ಜಿನವರ ಕೆಲಸ ಮಾತ್ರ ಅಂದುಕೊಂಡಿದ್ದಿರಾ?

ಯಾದಗಿರಿಗೆ ತನ್ನ ರಾಜಧಾನಿ ಬೆಂಗಳೂರಿಗಿಂತ ಪಕ್ಕದ ರಾಜ್ಯದ ರಾಜಧಾನಿ ಹೈದರಾಬಾದೇ ಹತ್ತಿರ. ದೂರದಲ್ಲಿ ಅರ್ಧಕ್ಕಿಂತ ಕಡಿಮೆ!

ಬೆಂಗಳೂರಿನಿಂದಲೇ ಬರುವವರಿದ್ದರೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸಿ. ಇನ್ನು ಮಜಾ ನೋಡಿ. ಹಿಂದೂಪುರ ಬಂತೆಂದರೆ ಆಂಧ್ರ. ಅನಂತಪುರ, ಗುಂತಕಲ್ಲು, ಆದೋನಿ ದಾಟಿ ರಾಯಚೂರು ಬಂತೆಂದರೆ ಮತ್ತೆ ಕರ್ನಾಟಕ. ಗಡಗಡ ಎಂದು ಕೃಷ್ಣೆಯ ಸೇತುವೆ ದಾಟಿದಿರೋ, ‘ಕೃಷ್ಣಾ’ ಅಂತಲೇ ಹೆಸರಿರುವ ಸ್ಟೇಷನ್ನು. ಅದು ತೆಲಂಗಾಣ! ಸ್ವಲ್ಪ ಹೊತ್ತಿಗೆ ಯಾದಗಿರಿ, ಅಂದರೆ ತಿರುಗಿ ಕರ್ನಾಟಕ. ಹೊರಟದ್ದೂ ಕರ್ನಾಟಕದಿಂದ, ಇಳಿದದ್ದೂ ಕರ್ನಾಟಕದಲ್ಲೇ. ನಡುವೆ ಎರಡು ಸಲ ರಾಜ್ಯ ಬಿಟ್ಟು ಬಂದಿರಿ!

ಈ ಹಳಿ ಅಂಥಿಂಥದ್ದಲ್ಲ. ಮುಂಬಯಿ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ಕೂಡಿಕೊಂಡದ್ದು ಪಕ್ಕದ ರಾಯಚೂರಿನಲ್ಲಿ. ಶಹಾಪುರ, ಸುರಪುರದ ಪೇಟೆಗೆ ಮಾತ್ರ ಇವತ್ತಿಗೂ ರೈಲಿಲ್ಲ. ಯಾದಗಿರಿಯಲ್ಲಿ ಇಳಿದು ಬಸ್ಸು ಹತ್ತಿ, ಭೀಮೆಯನ್ನು ದಾಟಿ!

ಗಡಿಯಾರ ಹನ್ನೆರಡು ಹೊಡೆಯಿತು. ಸೂರ್ಯ ನೆತ್ತಿಗೆ ಬಂದನೇ? ಇಲ್ಲ! ಭಾರತದ ಸಮಯ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ, ಯಾದಗಿರಿ ಇರುವುದು 77ರ ಹತ್ತಿರ. ಹಾಗಾಗಿ ಇಲ್ಲಿನ ಸೂರ್ಯ ಸರಾಸರಿ 21 ನಿಮಿಷ ತಡ. ಬೇಸಿಗೆಯಲ್ಲಂತೂ ಆ ಸೂರ್ಯನನ್ನು ಕೇಳಲೇಬೇಡಿ, 40 ಡಿಗ್ರಿ ಮೀರಿಬಿಡುತ್ತಾನೆ. ಅತಿಥಿಗಳನ್ನು ನವೆಂಬರಿನಿಂದ ಫೆಬ್ರವರಿಯೊಳಗೆ ಕರೆಸಿ.

ನೋಟಿನ ಹಿಂಬದಿ ತಿರುವಿ ತೋರಿಸಿ. ಭಾಷೆಗಳ ಪಟ್ಟಿಯಲ್ಲಿ 15 ಸಾಲು. ಮೇಲಿನಿಂದ ನಾಲ್ಕನೆಯದೇ ನಮ್ಮ ಕನ್ನಡ!

ಒಂದೇ ಒಂದು ಅಕ್ಷರ ಕಲಿತರೆ ಸಗರನಾಡಿನಲ್ಲಿ ಮರ್ಯಾದಸ್ಥರಾಗಬಹುದು, ಗೊತ್ತೇ? ಆ ಅಕ್ಷರ ‘ರಿ’. ಹೌದ್ರಿ, ಇಲ್ರಿ, ಸಾಕ್ರಿ, ಎಷ್ಟ್ರಿ, ಎಲ್ರಿ! ಯಾವ ಮಾತಿನ ಬಾಲಕ್ಕೆ ಅಂಟಿಸಿದರೂ ಗೌರವ ಬಂತು. ಜರ್ಮನಿಯವರು ಬಂದು ಚಹಾದಂಗಡಿಯಲ್ಲಿ “ಚಾ ಕೊಡ್ರಿ” ಅನ್ನಲಿ, ಅಂಗಡಿಯವರ ಮುಖ ನೋಡಿ ಆಮೇಲೆ!

ಸುರಪುರಕ್ಕೆ ಪರದೇಶದವರು ಹೊಸಬರಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದರು. ಬಂದವರು ಗುಡ್ಡದ ಮೇಲೆ ಬಂಗಲೆಯನ್ನೇ ಕಟ್ಟಿಸಿದರು, ಅದೇ ಟೇಲರ್ ಮಂಜಿಲ್. ಜನ ಅವರನ್ನು ‘ಮಹಾದೇವ ಬಾಬಾ’ ಅಂತ ಕರೆದರು! ಸುತ್ತಲಿನ ಬೃಹತ್ ಶಿಲಾ ಸಮಾಧಿಗಳು, ರಾಜನಕೋಳೂರಿನ ಕಲ್ಲುಮನೆಗಳ ಬಗ್ಗೆ 1850ರ ದಶಕದಲ್ಲೇ ಬರೆದು ಹೊರಜಗತ್ತಿಗೆ ತಿಳಿಸಿದವರೂ ಅವರೇ.

ಅದಕ್ಕೂ ಹಳೆಯ ಊರು ಬೇಕೇ? ಹುಣಸಗಿ ಹತ್ತಿರದ ಇಸಾಂಪುರಕ್ಕೆ ನಡೆಯಿರಿ. ಅಲ್ಲಿ ಸುಣ್ಣಕಲ್ಲಿನ ಹಾಸು ಕಿತ್ತು, ಕೆತ್ತಿ, ಕೈಗೊಡಲಿ ಮಾಡುತ್ತಿದ್ದ ಆದಿಮಾನವರ ಕಾರ್ಖಾನೆಯೇ ಸಿಕ್ಕಿತು! ಅಗೆದು ತೋರಿಸಿದವರು ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಮತ್ತು ಸಂಗಡಿಗರು. ವಯಸ್ಸು ಸುಮಾರು 12 ಲಕ್ಷ ವರ್ಷ. ಇನ್ನೊಮ್ಮೆ ಓದಿ, 12 ಲಕ್ಷ! ಯಾವ ದೇಶದ ಪುರಾತತ್ವ ವಿದ್ವಾಂಸರೇ ಬರಲಿ, ಈ ಬಯಲಿನಲ್ಲಿ ಅವರು ನೆಲ ಬಿಟ್ಟು ಕಣ್ಣೆತ್ತುವುದಿಲ್ಲ.

ಶಹಾಪುರದ ಗುಡ್ಡಗಳನ್ನು ದೂರದ ರಸ್ತೆಯಿಂದ ನೋಡಿ. ಹಣೆ, ಮೂಗು, ಗಲ್ಲ, ಎದೆ... ಅಂಗಾತ ಮಲಗಿದ ಬುದ್ಧ! ಯಾರೂ ಕೆತ್ತಿದ್ದಲ್ಲ.

ಪಾಸ್‌ಪೋರ್ಟಿಲ್ಲದ ವಿದೇಶಿಯರೂ ಉಂಟು, ಗೊತ್ತೇ? ಸುರಪುರ ನಾಯಕರ ಕಾಲದ ಬೋನಾಳ ಕೆರೆಗೆ ಚಳಿಗಾಲ ಬಂತೆಂದರೆ ಪಟ್ಟೆತಲೆಯ ಹೆಬ್ಬಾತುಗಳು ಇಳಿಯುತ್ತವೆ. ಟಿಬೆಟ್, ಮಂಗೋಲಿಯಾ ಕಡೆಯ ಹಕ್ಕಿಗಳು. ಹಿಮಾಲಯ ದಾಟುವಾಗ ಇವು 7 ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ! ಬೆಳಗಿನ ಜಾವವೇ ಹೋಗಿ. ನೀರಂಚಿನಲ್ಲಿ ಬೂದು ರೆಕ್ಕೆ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟಿ. ಸದ್ದು ಮಾಡಬೇಡಿ!

ಕಂದಕೂರಿನಲ್ಲಿ ನಾಗರ ಪಂಚಮಿಯ ದಿನ ಜನ ಗುಡ್ಡದ ಕಲ್ಲು ಎಬ್ಬಿಸಿ ಚೇಳು ಹಿಡಿದು ಅಂಗೈ ಮೇಲೆ, ಕೆನ್ನೆ ಮೇಲೆ ಬಿಟ್ಟುಕೊಳ್ಳುತ್ತಾರೆ! ಗುಡ್ಡದ ದೇವಿ ಕೊಂಡಮ್ಮಾಯಿಯ ಮೇಲಿನ ಭಕ್ತಿ ಅದು. ಆ ಹೊತ್ತಿಗೇ ಬಂದ ಅತಿಥಿಗಳಿದ್ದರೆ ದೂರದಿಂದ ನೋಡಿದರೆ ಸಾಕು, ದಯವಿಟ್ಟು.

ಕೊನೆಗೆ ಊಟ. ಗೋಧಿ ಒಗ್ಗದ ಅತಿಥಿಗೂ ಇಲ್ಲಿ ಹೆದರಿಕೆಯಿಲ್ಲ, ಜೋಳದಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ! ಅಡುಗೆಮನೆ ಬಾಗಿಲಲ್ಲಿ ಕುಂದರಿಸಿ, ರೊಟ್ಟಿ ಬಡಿಯುವುದನ್ನು ತೋರಿಸಿ. ಪಟಪಟ ಪೆಟ್ಟಿಗೆ ಹಿಟ್ಟಿನ ಮುದ್ದೆ ತಿರುಗುತ್ತಾ ತಿರುಗುತ್ತಾ ಹುಣ್ಣಿಮೆ ಚಂದ್ರನಷ್ಟು ದುಂಡಗಾಗುತ್ತದೆ, ಲಟ್ಟಣಿಗೆ ಇಲ್ಲದೆ! ಬಿಸಿದಕ್ಕೆ ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಎಣ್ಣೆ. ಅದೇ ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡಿದರೆ ವಾರಗಟ್ಟಲೆ ಕೆಡುವುದಿಲ್ಲ. ಫ್ರಿಜ್ಜೂ ಬೇಡ. ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಅಂಗಿಗಳ ನಡುವೆ ಇಟ್ಟುಕೊಡಿ, ಅವರ ಊರು ಮುಟ್ಟಿದ ಮೇಲೂ ಕಟುಂ ಎನ್ನುತ್ತದೆ!