ಹಳೆ ಕಪಾಟಿನ ಕದ, ಗೋಡೆಯ ಮೇಲೆ ಚಿತ್ತಾರ

ಹಳೆ ಮನೆ ಕೆಡವುವಾಗ ಮುಂಬಾಗಿಲು, ಕಿಟಕಿ, ತೊಲೆಗಳಿಗೆ ಗಿರಾಕಿಗಳು ತಾವಾಗಿ ಹುಡುಕಿಕೊಂಡು ಬರುತ್ತಾರೆ. ಗೋಡೆ ಕಪಾಟಿನ ಕದಗಳ ಪಾಡು ಹಾಗಲ್ಲ. ಅಳತೆ ಚಿಕ್ಕದು, ದಪ್ಪ ಕಡಿಮೆ, ಒಂದರ ಹಾಗೆ ಇನ್ನೊಂದಿಲ್ಲ. ಅವು ಗುಜರಿ ಅಂಗಡಿಯ ಮೂಲೆ ಸೇರುತ್ತವೆ, ಇಲ್ಲವೇ ಬಚ್ಚಲೊಲೆಗೆ ಸೌದೆಯಾಗುತ್ತವೆ. ಈಚೆಗೆ ಮಾಡ್ಯುಲರ್ ಅಡುಗೆಮನೆಗಳಿಂದ ಕಳಚಿದ ಪ್ಲೈವುಡ್, ಎಂಡಿಎಫ್ ಕದಗಳೂ ಅಲ್ಲೇ ಬಂದು ಬೀಳುತ್ತಿವೆ. ಎರಡು ಬಗೆಯ ಕದಗಳಿಂದಲೂ ಗೋಡೆಗೆ ಒಳ್ಳೆಯ ಅಲಂಕಾರ ಮಾಡಬಹುದು. ಆದರೆ ಚಿತ್ರವನ್ನು ಮೊದಲು ತೀರ್ಮಾನಿಸಿ ಆಮೇಲೆ ಕದ ಹುಡುಕುವುದಕ್ಕಿಂತ, ಕದ ನೋಡಿ ಚಿತ್ರ ತೀರ್ಮಾನಿಸುವುದು ಮೇಲು. ಅದು ಯಾವುದರಿಂದ ಆಗಿದೆ, ಅದನ್ನು ಹೇಗೆ ಜೋಡಿಸಿದ್ದಾರೆ ಎಂಬುದರ ಮೇಲೆ ಬಣ್ಣ ಹಿಡಿಯುವುದೂ ಬಿಡುವುದೂ ನಿಂತಿದೆ.

ತಿಳಿಯಬೇಕಾದರೆ ಕದದ ಮುಖ ನೋಡಬೇಡಿ, ಅಂಚು ನೋಡಿ. ಮುಖದ ಮೇಲಿನ ಎಳೆಗಳು ಅಂಚಿಗೂ ಹರಿದು ಬಂದಿದ್ದರೆ ಅದು ಇಡೀ ಮರ. ತೆಳು ಪದರಗಳು ಒಂದರ ಮೇಲೊಂದು ಕಂಡರೆ ಪ್ಲೈವುಡ್. ಎಳೆಯೂ ಪದರವೂ ಇಲ್ಲದೆ ಕಂದುಬಣ್ಣದ ದಟ್ಟ ರಟ್ಟಿನಂತಿದ್ದರೆ ಎಂಡಿಎಫ್. ಮರದ ಚೂರುಗಳು ಬಿಡಿಬಿಡಿಯಾಗಿ ಕಂಡರೆ ಪಾರ್ಟಿಕಲ್ ಬೋರ್ಡ್. ಅದರ ಮೂಲೆ ನೀರು ಕುಡಿದು ಉಬ್ಬಿದ್ದರೆ ಅಲ್ಲೇ ಬಿಟ್ಟು ಬನ್ನಿ, ಉಬ್ಬಿದ್ದು ಮತ್ತೆ ಕೂರುವುದಿಲ್ಲ.

ಸಾಗುವಾನಿಯದೋ ಹಲಸಿನದೋ ಹಳೆಯ ಕದ ಸಿಕ್ಕರೆ ಅದರ ರಚನೆಯನ್ನು ಒಂದು ಗಳಿಗೆ ನೋಡಿ. ಎರಡು ನಿಂತ ಪಟ್ಟಿ, ಎರಡೋ ಮೂರೋ ಅಡ್ಡ ಪಟ್ಟಿ, ನಡುವೆ ಹಲಗೆ. ಆ ನಡುವಿನ ಹಲಗೆಗೆ ಅಂಟು ಹಾಕಿರುವುದಿಲ್ಲ. ಪಟ್ಟಿಗಳ ಒಳಬದಿಯ ತೋಡಿನಲ್ಲಿ ಅದು ಸಡಿಲವಾಗಿ ಕೂತಿರುತ್ತದೆ. ಮಳೆಗಾಲದಲ್ಲಿ ಮರ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಈ ಹಿಗ್ಗು ಕುಗ್ಗಿಗೆ ಜಾಗವಿರಲಿ ಎಂದೇ ಆಚಾರಿ ಹಲಗೆಯನ್ನು ಕಟ್ಟಿಹಾಕಿಲ್ಲ. ಅಲುಗಾಡುತ್ತದೆ ಎಂದು ಆ ಸಂದಿಗೆ ಪುಟ್ಟಿ ತುಂಬಿದರೆ, ಅಂಟು ಸುರಿದರೆ, ಮುಂದಿನ ಬೇಸಿಗೆಗೆ ಹಲಗೆ ನಡುಮಧ್ಯ ಸೀಳುತ್ತದೆ. ಹಾಗೆ ಹಾಳಾದ ಕದಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಹಲವು ದಶಕ ತಾಳಿದ ಮರ, ದುರಸ್ತಿಯ ಹೆಸರಿನಲ್ಲೇ ಒಡೆದಿರುತ್ತದೆ.

ಹುಳುವಿನ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ. ಸೂಜಿತೂತುಗಳು ಇದ್ದ ಮಾತ್ರಕ್ಕೆ ಕೆಟ್ಟದ್ದೆಂದಲ್ಲ, ಅವು ಎಂದೋ ಹಾರಿಹೋದ ಹುಳುವಿನವು ಇರಬಹುದು. ಕದವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದಾಗ ತಿಳಿಬಣ್ಣದ ನುಣ್ಣನೆ ಹಿಟ್ಟು ಉದುರಿದರೆ ಕುಟ್ಟೆ ಇನ್ನೂ ಒಳಗಿದೆ ಎಂದರ್ಥ. ಅಂಥದ್ದು ಮನೆಯ ಬೇರೆ ಮರಕ್ಕೂ ಹರಡುತ್ತದೆ. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಇನ್ನು ಹಳೆಯ ಬಣ್ಣ. ಇದರಲ್ಲಿ ಉದಾಸೀನ ಸಲ್ಲದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ ಮಾಡಿದ್ದು 2016ರಲ್ಲಿ, ಅದು ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಹಾಗಾಗಿ ಅದಕ್ಕೂ ಹಿಂದೆ ಬಳಿದ ಎಣ್ಣೆಬಣ್ಣದಲ್ಲಿ, ಅದರಲ್ಲೂ ಗಾಢ ಹಳದಿ, ಕೆಂಪು, ಹಸಿರುಗಳಲ್ಲಿ ಸೀಸ ಇದೆ ಎಂದೇ ಎಣಿಸಿ ಕೆಲಸ ಮಾಡಿ. ಒಣ ಉಪ್ಪುಕಾಗದದಿಂದ ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿಗೆ ಕೇಡು. ಬೆಂಕಿ ಹಿಡಿದು ಬಣ್ಣ ಸುಡುವುದಂತೂ ಕೂಡದು. ನೀರಿನಲ್ಲಿ ನೆನೆಸುವ ಎಮರಿ ಪೇಪರ್ ಸಿಗುತ್ತದೆ. ಅದನ್ನು ಒದ್ದೆ ಮಾಡಿ, ಹೊರಗೆ, ಪ್ಲಾಸ್ಟಿಕ್ ಹಾಳೆಯ ಮೇಲೆ, ಬಟ್ಟೆಯದಲ್ಲದ ಒಳ್ಳೆಯ ಮಾಸ್ಕ್ ಹಾಕಿಕೊಂಡು ಉಜ್ಜಿ. ಬಸುರಿಯರೂ ಮಕ್ಕಳೂ ಹತ್ತಿರ ಇರಬಾರದು. ನಿಜಕ್ಕೂ ಎಲ್ಲ ಬಣ್ಣ ತೆಗೆಯುವ ಅಗತ್ಯವೂ ಹೆಚ್ಚಿನ ಸಲ ಇರುವುದಿಲ್ಲ. ಎದ್ದ ಚಕ್ಕೆಗಳನ್ನಷ್ಟೇ ಒದ್ದೆಯಾಗಿ ತೆಗೆದು, ಗಟ್ಟಿಯಾಗಿ ಹಿಡಿದಿರುವುದನ್ನು ಪ್ರೈಮರ್ ಕೆಳಗೆ ಮುಚ್ಚಿಬಿಡಿ.

ಬಣ್ಣವಿಲ್ಲದೆ ಬರೀ ಪಾಲಿಶ್ ಇರುವ ಕದಕ್ಕೆ ಸುಲಭದ ಪರೀಕ್ಷೆಯಿದೆ. ಹತ್ತಿಗೆ ಪಾಲಿಶ್ ಸ್ಪಿರಿಟ್ ಅದ್ದಿ ಹಿಂಬದಿಯ ಮೂಲೆಯಲ್ಲಿ ಉಜ್ಜಿ. ಅಂಟಂಟಾಗಿ ಕರಗಿ ಹತ್ತಿಗೆ ಕಂದುಬಣ್ಣ ಬಂದರೆ ಅದು ಅರಗಿನ ಪಾಲಿಶ್. ಅಂಥ ಕದದ ಪೂರ್ತಿ ಪಾಲಿಶ್ ಕೆರೆಯಬೇಕಿಲ್ಲ. ಸ್ಪಿರಿಟ್‌ನಲ್ಲೇ ಒರೆಸಿ, ಮತ್ತೆ ತೆಳುವಾಗಿ ಅರಗು ಹಚ್ಚಿದರೆ ಹೊಳಪು ಮರಳುತ್ತದೆ, ಮೂಲ ಮರವನ್ನೇ ಹಿನ್ನೆಲೆಯಾಗಿ ಬಿಟ್ಟು ಚಿತ್ರವನ್ನು ಅದರ ಮೇಲೆ ಬರೆಯಬಹುದು.

ಅಡುಗೆಮನೆಯ ಲ್ಯಾಮಿನೇಟ್ ಕದಗಳ ತೊಂದರೆ ಬೇರೆ. ಮೊದಲನೆಯದು ಜಿಡ್ಡು. ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನ ಬಟ್ಟೆಯಿಂದ ಒರೆಸಿ, ತಕ್ಷಣ ಒಣಗಿಸಿ. ಎಂಡಿಎಫ್ ಅಂಚಿಗೆ ನೀರು ನಿಲ್ಲಬಾರದು. ಎರಡನೆಯದು ನುಣುಪು. 220 ನಂಬರ್ ಉಪ್ಪುಕಾಗದದಿಂದ ಹೊಳಪು ಸತ್ತು ಮಂಕಾಗುವ ತನಕ ತಿಕ್ಕಿ, ನುಣುಪಾದ ಮೇಲ್ಮೈಗೆ ಹಿಡಿಯುವ ಪ್ರೈಮರ್ ಹಚ್ಚಿ, ಒಂದು ದಿನ ಬಿಟ್ಟು ಉಗುರಿನಿಂದ ಕೆರೆದು ನೋಡಿ. ಎದ್ದು ಬಂದರೆ ತಿಕ್ಕಿದ್ದು ಸಾಲದು. ಹಿಂಬದಿಯಲ್ಲಿ ಹಿಂಜ್ ಕೂರಿಸಿದ್ದ 35 ಮಿಲಿಮೀಟರ್‌ನ ದುಂಡು ಗುಳಿಗಳಿರುತ್ತವೆ. ಅವು ಗೋಡೆಯ ಕಡೆಗೆ ಬರುವುದರಿಂದ ತುಂಬುವ ಗೋಜು ಬೇಡ. ಹಿಡಿಕೆಯ ತೂತುಗಳು ಮುಂದೆ ಕಾಣುತ್ತವೆ. ಅಲ್ಲಿಗೆ ಹಿತ್ತಾಳೆಯ ಹಳೆ ಹಿಡಿಕೆ ಹಾಕಿದರೆ ಬೀಗದ ಕೈ ತೂಗಲು ಜಾಗವಾಯಿತು.

ಈಗ ಚಿತ್ರದ ವಿಷಯ. ಹಲಗೆ ಕದಕ್ಕೆ ನನ್ನ ಮನಸ್ಸಿನಲ್ಲಿ ಮೊದಲು ಬರುವುದು ಮಲೆನಾಡಿನ ಹಸೆ ಚಿತ್ತಾರ. ಸಾಗರ, ಸೊರಬದ ಸೀಮೆಯಲ್ಲಿ ದೀವರ ಹೆಣ್ಣುಮಕ್ಕಳು ಮದುವೆಮನೆಯ ಹಸೆಗೋಡೆಗೆ ಬರೆಯುವ ಕಲೆ ಇದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಅಕ್ಕಿಯನ್ನು ಕರಿಕಾಗುವಂತೆ ಹುರಿದು ಅರೆದ ಕಪ್ಪು, ಗುರಿಗೆಯ ಹಳದಿ, ಪುಂಡಿ ನಾರಿನ ಕುಂಚ. ಚಿತ್ತಾರದ ರೂಪವೇ ಚೌಕಟ್ಟಿನದು: ಸುತ್ತ ಅಂಚಿನ ಸಾಲುಗಳು, ನಡುವೆ ಗೆರೆಗಳ ಹೆಣಿಗೆಯ ಚೌಕ. ಹಲಗೆ ಕದದ ರೂಪವೂ ಅದೇ. ಪಟ್ಟಿಗಳ ಮೇಲೆ ಅಂಚು, ನಡುವಿನ ಹಲಗೆಯ ಮೇಲೆ ಚೌಕ ಎಂದು ಹಂಚಿಕೊಂಡರೆ ಕದ ಮತ್ತು ಚಿತ್ತಾರ ಒಂದಕ್ಕೊಂದು ಹೇಳಿಮಾಡಿಸಿದಂತೆ ಹೊಂದುತ್ತವೆ. ಗೋಡೆ ಬಿಟ್ಟು ಹೊರಗೆ ಬರುವುದು ಈ ಕಲೆಗೆ ಹೊಸತೂ ಅಲ್ಲ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದನ್ನೇ ಬರೆಯುತ್ತಾರೆ.

ಕೆಮ್ಮಣ್ಣು ಮಣ್ಣಿನ ಗೋಡೆಗೆ ಹಿಡಿದಂತೆ ಮರಕ್ಕೆ ಹಿಡಿಯುವುದಿಲ್ಲ, ಒಣಗಿದ ಮೇಲೆ ಪುಡಿಯಾಗಿ ಕೈಗೆ ಬರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿದ ಕೆಮ್ಮಣ್ಣನ್ನು, ಬಡಗಿಗಳು ಬಳಸುವ ಬಿಳಿ ಅಂಟು ಒಂದು ಪಾಲು, ನೀರು ಮೂರು ಪಾಲು ಬೆರೆಸಿದ್ದರಲ್ಲಿ ಕಲಸಿ. ಮಂದಗೆ ಒಂದೇ ಸಲ ಬಳಿದರೆ ಬಿರಿಯುತ್ತದೆ. ತೆಳುವಾಗಿ ಎರಡು ಮೂರು ಸಲ, ನಡುನಡುವೆ ಒಣಗಲು ಬಿಟ್ಟು ಬಳಿಯಿರಿ. ಬಿಳಿಗೆ ಅಕ್ಕಿಹಿಟ್ಟು ಬೇಡ. ಮದುವೆಗೋಡೆಯ ಬಿಳಿ ಕೆಲಕಾಲದ್ದು, ಮುಂದಿನ ಸಲ ಮತ್ತೆ ಬರೆಯುತ್ತಾರೆ. ಕದದ ಮೇಲೆ ವರ್ಷಗಟ್ಟಲೆ ಇರಬೇಕಾದಲ್ಲಿ ಹಿಟ್ಟಿಗೆ ಜಿರಳೆ ಬರುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹೊಳಪಿಲ್ಲದ ಅಕ್ರಿಲಿಕ್ ಬಿಳಿ ಸಾಕು. ನೇರ ಗೆರೆಗೆ ಬಡಗಿಯ ಉಪಾಯವೇ ಒಳ್ಳೆಯದು: ದಾರಕ್ಕೆ ಸೀಮೆಸುಣ್ಣ ಹಚ್ಚಿ, ಎರಡು ತುದಿ ಬಿಗಿಹಿಡಿದು, ನಡುವೆ ಮಿಡಿಯಿರಿ. ಮೂಡಿದ ಗೆರೆಯ ಮೇಲೆ ಉದ್ದ ಕೂದಲಿನ ಸಣ್ಣ ಕುಂಚವನ್ನು ಪೂರ್ತಿ ಮಲಗಿಸಿ ಎಳೆಯಿರಿ. ಅಂಚು ಮೊದಲು, ಚೌಕದ ಹೊರಗೆರೆ ಆಮೇಲೆ, ಒಳಗಿನ ತುಂಬುವಿಕೆ ಕೊನೆಗೆ. ಪಟ್ಟಿ ಮತ್ತು ಹಲಗೆ ಕೂಡುವ ತೋಡಿಗೆ ಬಣ್ಣ ಇಳಿದು ಕಟ್ಟಿಕೊಳ್ಳದಂತೆ ಆಗಾಗ ಒಣ ಕುಂಚದಿಂದ ತೆಗೆಯುತ್ತಿರಿ.

ಇದನ್ನು ಬಲ್ಲ ಕೈಗಳು ಆ ಸೀಮೆಯಲ್ಲಿ ಇವತ್ತಿಗೂ ಇವೆ. ಕದವನ್ನು ಸಿದ್ಧಮಾಡುವ ತನಕದ ಕೆಲಸ ನೀವು ಮಾಡಿ, ಚಿತ್ತಾರವನ್ನು ಅವರಿಂದ ಬರೆಸಿ ತಕ್ಕ ಸಂಭಾವನೆ ಕೊಡುವುದು ನನಗೆ ಎಲ್ಲಕ್ಕಿಂತ ಸರಿ ಕಾಣುತ್ತದೆ. ನೀವೇ ಬರೆದದ್ದನ್ನು ಮಾರುವುದಾದರೆ ದೀವರ ಚಿತ್ತಾರ ಎಂದು ಹೆಸರಿಟ್ಟು ಮಾರಬೇಡಿ.

ನಡುವೆ ಹಲಗೆಯಿಲ್ಲದ ಚಪ್ಪಟೆ ಕದಕ್ಕೆ ಕರಾವಳಿಯ ಕಾವಿ ಕಲೆಯ ರೀತಿ ಚೆನ್ನಾಗಿ ಒಗ್ಗುತ್ತದೆ. ದೇವಸ್ಥಾನಗಳ ಗೋಡೆಯಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಬಳಿದು, ಅದು ಹಸಿಯಿರುವಾಗಲೇ ಕೆರೆದು ಒಳಗಿನ ಬಿಳಿಯನ್ನು ತೋರಿಸುತ್ತಾರೆ. ಕದದ ಮೇಲೆ ಬಿಳಿ ಬಣ್ಣ ಪೂರ್ತಿ ಒಣಗಿದ ನಂತರ ಕಾವಿಗೆಂಪು ಬಳಿದು, ಮೊಂಡು ಮೊಳೆಯಿಂದ ಕೆರೆಯಿರಿ. ಅಕ್ರಿಲಿಕ್ ಬೇಗ ಒಣಗುವುದರಿಂದ ಅಂಗೈಯಗಲದಷ್ಟೇ ಬಳಿದು ಮುಂದುವರಿಯಬೇಕು. ಗಾಜಿನ ಕದ ಸಿಕ್ಕರೆ ಬಣ್ಣದ ಕೆಲಸವೇ ಬೇಡ: ಹರಿದ ಇಳಕಲ್ ಸೀರೆಯ ತೋಪ್ ತೆನೆ ಸೆರಗನ್ನು ಗಾಜಿನ ಹಿಂದೆ ಬಿಗಿದು ಹಿಂಬದಿಗೆ ತೆಳು ಪ್ಲೈ ಹೊಡೆದರೆ ಮುಗಿಯಿತು. ಬಿಸಿಲು ನೇರ ಬೀಳುವ ಗೋಡೆಯಲ್ಲಿ ಮಾತ್ರ ಸೀರೆಯ ಬಣ್ಣ ಮಾಸುತ್ತದೆ.

ತೂಗುಹಾಕುವುದು ಕೊನೆಯ ಕೆಲಸವಾದರೂ ಹೆಚ್ಚು ಜನ ಎಡವುವುದು ಇಲ್ಲೇ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, 18 ಮಿಲಿಮೀಟರ್ ದಪ್ಪದ ಎಂಡಿಎಫ್ ಕದವೇ ನಾಲ್ಕು ಕಿಲೋ ಹತ್ತಿರ ತೂಗುತ್ತದೆ. ಫೋಟೋ ತೂಗುವ ಮೊಳೆಗೆ, ಅಂಟುಪಟ್ಟಿಗೆ ಇದನ್ನು ನಂಬಬೇಡಿ. ಮೂರಂಗುಲ ಅಗಲ, ಮುಕ್ಕಾಲಂಗುಲ ದಪ್ಪದ ಮರದ ಪಟ್ಟಿಯನ್ನು ಉದ್ದಕ್ಕೂ 45 ಡಿಗ್ರಿ ಓರೆಯಾಗಿ ಸೀಳಿಸಿ. ಒಂದು ತುಂಡನ್ನು, ಓರೆ ಗೋಡೆಯ ಕಡೆಗೆ ಇಳಿಯುವಂತೆ, ಗೋಡೆಗೆ ಬಿಗಿಯಿರಿ. ಇನ್ನೊಂದನ್ನು ತಲೆಕೆಳಗಾಗಿ ಕದದ ಹಿಂಬದಿಗೆ ಬಿಗಿದರೆ ಅದು ಗೋಡೆಯ ಪಟ್ಟಿಯ ಹಿಂದಿನ ಸಂದಿನಲ್ಲಿ ಇಳಿದು ಕೂರುತ್ತದೆ. ಭಾರ ಹೆಚ್ಚಿದಷ್ಟೂ ಬಿಗಿಯಾಗುತ್ತದೆ. ಹಲಗೆ ಕದದಲ್ಲಿ ಇದನ್ನು ಮೇಲಿನ ಅಡ್ಡ ಪಟ್ಟಿಗೇ ಬಿಗಿಯಬೇಕು, ಸಡಿಲವಿರುವ ನಡುವಿನ ಹಲಗೆಗಲ್ಲ. ಕೆಳಗಡೆ ಅಷ್ಟೇ ದಪ್ಪದ ಒಂದು ತುಂಡು ಇಟ್ಟರೆ ಕದ ನೆಟ್ಟಗೆ ನಿಲ್ಲುತ್ತದೆ, ಹಿಂದೆ ಗಾಳಿಯಾಡಿ ಮಳೆಗಾಲದ ತೇವಕ್ಕೆ ಬೂಷ್ಟೂ ಕಟ್ಟುವುದಿಲ್ಲ.

ಇಟ್ಟಿಗೆ ಗೋಡೆಯಲ್ಲಿ ಗಾರೆಯ ಪದರ ಸುಮಾರು ಅರ್ಧ ಅಂಗುಲ ಇರುತ್ತದೆ, ಅದಕ್ಕೆ ಭಾರ ತಾಳುವ ಶಕ್ತಿಯಿಲ್ಲ. 8 ಮಿಲಿಮೀಟರ್ ಬಿಟ್‌ನಿಂದ ಕೊರೆದು ನೈಲಾನ್ ಪ್ಲಗ್ಗನ್ನು ಗಾರೆ ದಾಟಿಸಿ ಇಟ್ಟಿಗೆಯೊಳಕ್ಕೆ ಕೂರಿಸಿ; ಪಟ್ಟಿಯ ದಪ್ಪವೂ ಸೇರುವುದರಿಂದ ಮೂರಂಗುಲದ ಸ್ಕ್ರೂ ಬೇಕಾಗುತ್ತದೆ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ, ವೈರು ಹೋಗಿರುವುದು ಅಲ್ಲೇ. ಮಣ್ಣಿನ ಗೋಡೆಯ ಮನೆಯಲ್ಲಿ ಪ್ಲಗ್ ನಿಲ್ಲುವುದಿಲ್ಲ. ಮೇಲಿನ ತೊಲೆಗೆ ಕೊಂಡಿ ಹಾಕಿ ಸರಪಳಿಯಿಂದ ಇಳಿಬಿಡಿ. ಕದ ಏರಿಸುವ ಮೊದಲು ಗೋಡೆಯ ಪಟ್ಟಿಯನ್ನು ಎರಡೂ ಕೈಯಿಂದ ಬಲವಾಗಿ ಕೆಳಕ್ಕೆ ಜಗ್ಗಿ ನೋಡಿ. ಮಂಚದ ತಲೆಯ ಮೇಲೆ, ತೊಟ್ಟಿಲಿನ ಮೇಲೆ ಮಾತ್ರ ಎಷ್ಟೇ ಭದ್ರವಾಗಿ ಬಿಗಿದಿದ್ದರೂ ಹಾಕಬೇಡಿ.