ಒಲೆಗೆ ಬಂತು ಹೈಡ್ರೋಜನ್

ನಮ್ಮ ಹುಲ್ಲಹಳ್ಳಿ ಕಡೆ ಗ್ಯಾಸ್ ಅಂದ್ರೆ ಬಹುತೇಕ ಸಿಲಿಂಡರೇ. ಆದ್ರೆ ಸೂರತ್ ಹತ್ತಿರ ಕವಾಸ್‌ನಲ್ಲಿ, ವಿದ್ಯುತ್ ಕಂಪನಿ ಎನ್‌ಟಿಪಿಸಿಯ ಟೌನ್‌ಶಿಪ್ ಮನೆಗಳ ಪೈಪ್ ಗ್ಯಾಸ್‌ಗೆ 2023ರ ಜನವರಿಯಲ್ಲೇ ಹೈಡ್ರೋಜನ್ ಬೆರೆಸೋಕೆ ಶುರು ಮಾಡಿದ್ರು. ಸೋಲಾರ್ ಕರೆಂಟ್ ಹಾಯಿಸಿ, ನೀರು ಒಡೆದು ತೆಗೆದ ಹೈಡ್ರೋಜನ್. ಮೊದಲು ಶೇ 5, ಆಮೇಲೆ 8.

ಅಷ್ಟೇನಾ? ಹೂಂ. ಜಾಸ್ತಿಯಾದ್ರೆ ಕೆಲವು ಬಗೆಯ ಉಕ್ಕಿನೊಳಗೆ ನುಸುಳಿ ಪೆಡಸು ಮಾಡುತ್ತೆ, ಪೈಪು ಬಿರುಕು ಬಿಡಬಹುದು.

ಇನ್ನೊಂದು ಲೆಕ್ಕ ಇದೆ, ಅದನ್ನ ಯಾರೂ ಜೋರಾಗಿ ಹೇಳಲ್ಲ. ಪೈಪ್ ಗ್ಯಾಸ್ ಅಂದ್ರೆ ಬಹುತೇಕ ಮೀಥೇನ್; ಅಷ್ಟೇ ಗಾತ್ರದ ಮೀಥೇನ್ ಕೊಡೋ ಶಾಖದಲ್ಲಿ ಹೈಡ್ರೋಜನ್ ಕೊಡೋದು ಸುಮಾರು ಮೂರನೇ ಒಂದು ಪಾಲು. ಹಾಗಾಗಿ ಶೇ 20 ಬೆರೆಸಿದ್ರೂ ಕಾರ್ಬನ್ ಡೈಆಕ್ಸೈಡ್ ಇಳಿಯೋದು ಶೇ 7ರಷ್ಟು ಮಾತ್ರ!

ಅಡುಗೆಗೇ ಆದ್ರೆ ನನ್ನ ಓಟು ಕೊಟ್ಟಿಗೆ ಹಿಂದಿನ ಗೋಬರ್ ಗ್ಯಾಸ್‌ಗೆ. ಹೈಡ್ರೋಜನ್ ಗೊಬ್ಬರದ ಕಾರ್ಖಾನೆಗೆ ಹೋಗಲಿ, ಅಮೋನಿಯಾ ಮಾಡೋಕೆ ಅಲ್ಲಿ ಅದು ಬೇಕೇ ಬೇಕು.