ಪ್ರಯೋಗಾಲಯದ ಒಳಗೂ ಇವೆ ಉದ್ಯೋಗಗಳು

ಮಣಿಪಾಲ ಎಂದಾಕ್ಷಣ ಕರಾವಳಿಯ ಹೆತ್ತವರಿಗೆ ನೆನಪಾಗುವುದು ಮೆಡಿಕಲ್ ಅಥವಾ ಎಂಜಿನಿಯರಿಂಗ್ ಸೀಟು. ಆ ಸೀಟು ಸಿಗದೆ ಬಿ.ಎಸ್ಸಿ. ಸೇರಿದವರಿಗೆ ಅಲ್ಲಿ ಏನು ಕೆಲಸ? ಕಾಪು, ಕಾರ್ಕಳ ಕಡೆಯ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಇದೆ. ಇದಕ್ಕೆ ಒಂದು ಉತ್ತರ ಸಂಶೋಧನಾ ವಿಭಾಗಗಳಲ್ಲಿ ದೊರೆಯುತ್ತದೆ.

ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1993ರಲ್ಲಿ ಇಲ್ಲಿಗೆ ಪರಿಗಣಿತ ವಿಶ್ವವಿದ್ಯಾನಿಲಯದ ಸ್ಥಾನ ಲಭಿಸಿತು. 2018ರ ಮೇ ತಿಂಗಳಲ್ಲಿ ಕೇರಳದ ಕೋಝಿಕ್ಕೋಡಿನಿಂದ ಬಂದ ರೋಗಿಗಳ ಮಾದರಿಗಳಲ್ಲಿ ನಿಪಾ ವೈರಸ್ ಇರುವುದನ್ನು ಪತ್ತೆ ಮಾಡಿದ್ದು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ದೃಢಪಡಿಸಿತು.

ಇಂತಹ ಕೆಲಸ ಒಬ್ಬ ವಿಜ್ಞಾನಿಯಿಂದ ಆಗುವಂಥದ್ದಲ್ಲ. ಮಾದರಿಯನ್ನು ಪಡೆದು ಸಂಖ್ಯೆ ನೀಡುವವರು, ಶೀತಲ ಪೆಟ್ಟಿಗೆಯಲ್ಲಿ ಕಾಪಿಡುವವರು, ಯಂತ್ರ ನಡೆಸುವವರು, ಫಲಿತಾಂಶ ದಾಖಲಿಸುವವರು ಎಲ್ಲರೂ ಬೇಕು. ಒಂದು ಚೀಟಿ ಅದಲುಬದಲಾದರೂ ಫಲಿತಾಂಶವೇ ತಪ್ಪುತ್ತದೆ.

ಯಾರಿಗೆ ಯಾವ ಹುದ್ದೆ?

ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ ಓದಿದವರಿಗೆ ಟೆಕ್ನೀಷಿಯನ್ ಹುದ್ದೆಗಳಿವೆ. ಸಂಖ್ಯಾಶಾಸ್ತ್ರ ಓದಿದವರು ಅಂಕಿಅಂಶಗಳ ವಿಶ್ಲೇಷಣೆಗೆ ಬೇಕು. ಸಮಾಜಕಾರ್ಯ ಪದವೀಧರರು ಆರೋಗ್ಯ ಸಮೀಕ್ಷೆಗಾಗಿ ಹಳ್ಳಿಗಳಿಗೆ ಹೋಗುತ್ತಾರೆ. ಇಲ್ಲಿ ಕನ್ನಡ, ತುಳು, ಕೊಂಕಣಿ ಬಲ್ಲವರಿಗೆ ಅನುಕೂಲ ಹೆಚ್ಚು. ಅನುದಾನದ ಲೆಕ್ಕ ನೋಡಲು ವಾಣಿಜ್ಯ ಪದವೀಧರರು, ಗ್ರಂಥಾಲಯಕ್ಕೆ ಗ್ರಂಥಾಲಯ ವಿಜ್ಞಾನ ಕಲಿತವರು ಬೇಕು.

ಸಂಶೋಧಕರೇ ಆಗಬಯಸುವವರ ದಾರಿ ಬೇರೆ. ಕರ್ನಾಟಕದಲ್ಲಿ 2024ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿರುವುದರಿಂದ, ಈ ಪದವಿ ಪಡೆದವರು ಎಂ.ಎಸ್ಸಿ. ಮಾಡಿಯೇ ಪಿಎಚ್.ಡಿ. ಕಡೆಗೆ ಹೋಗಬೇಕು. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್‌ಗೆ ಆಯ್ಕೆಯಾದವರ ಮಾಸಿಕ ವೇತನವನ್ನು 2023ರ ಜನವರಿಯಿಂದ ಅನ್ವಯವಾಗುವಂತೆ 37,000 ರೂ.ಗೆ ಏರಿಸಲಾಯಿತು.

ಜಾಹೀರಾತನ್ನು ಪೂರ್ತಿ ಓದಿ

ಹೆತ್ತವರು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಸಂಶೋಧನಾ ಯೋಜನೆಗಳ ಹುದ್ದೆಗಳು ಸಾಮಾನ್ಯವಾಗಿ ತಾತ್ಕಾಲಿಕ. ಅನುದಾನ ಮುಗಿದರೆ ಹುದ್ದೆಯೂ ಮುಗಿಯುತ್ತದೆ. ಇದನ್ನು ತಿಳಿಯದೆ ಮನೆಸಾಲ ಮಾಡುವುದು ಅವಿವೇಕ. ಹಾಗೆಂದು ತಾತ್ಕಾಲಿಕ ಎಂಬ ಒಂದೇ ಕಾರಣಕ್ಕೆ ಬೇಡವೆನ್ನುವುದೂ ಸರಿಯಲ್ಲ. ಎರಡು ವರ್ಷದಲ್ಲಿ ಕಲಿತ ಕೈಕೆಲಸ, ದೊರೆತ ಅನುಭವಪತ್ರ ಮುಂದಿನ ಹುದ್ದೆಗೆ ನೆರವಾಗುತ್ತವೆ.

ಅರ್ಜಿ ಹಾಕುವ ಮುನ್ನ ಅವಧಿ, ವೇತನ, ಅರ್ಹತೆ, ಕೊನೆಯ ದಿನಾಂಕ ಈ ನಾಲ್ಕನ್ನೂ ನೋಡಿಕೊಳ್ಳಬೇಕು. ಪ್ರಕಟಣೆಯನ್ನು ವಿಶ್ವವಿದ್ಯಾನಿಲಯದ ಅಧಿಕೃತ ಜಾಲತಾಣದಲ್ಲೇ ಖಚಿತಪಡಿಸಿಕೊಳ್ಳಬೇಕು. ಕೆಲಸ ಕೊಡಿಸುತ್ತೇನೆಂದು ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಬೇಕು.

ಕಾರ್ಕಳದಿಂದ ಹಿರಿಯಡ್ಕ ಮಾರ್ಗವಾಗಿ, ಕಾಪುವಿನಿಂದ ಉಡುಪಿ ಮಾರ್ಗವಾಗಿ ಮನೆಯಿಂದಲೇ ಹೋಗಿಬರುವಷ್ಟು ಹತ್ತಿರದಲ್ಲಿ ಇಂಥ ಅವಕಾಶ ಇರುವುದು ಎಲ್ಲ ಊರಿನ ಮಕ್ಕಳಿಗೂ ದೊರೆಯುವ ಭಾಗ್ಯವಲ್ಲ. ಸೀಟು ಸಿಗಲಿಲ್ಲವೆಂದು ಕೊರಗುವ ಬದಲು, ಕೈಯಲ್ಲಿರುವ ಪದವಿಗೆ ಯಾವ ಬಾಗಿಲು ತೆರೆದಿದೆ ಎಂದು ವಿಚಾರಿಸುವುದು ಮೇಲು.